ರಟ್ಟಿಲ್ಲದ ಪುಸ್ತಕಗಳು

ರ‍್ಯಾಕು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಸೆಲ್ವ ಒಳಗಿನಿಂದ ತಳ್ಳುತ್ತಿದ್ದ, ನಾನು ಹೊರಗಿನಿಂದ ಎಳೆಯುತ್ತಿದ್ದೆ. ಓರೆ ಮಾಡಿದೆವು, ಮಲಗಿಸಿದೆವು, ತಲೆಕೆಳಗು ಮಾಡಿದೆವು. ಅದು ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ. ಪಕ್ಕದ ಮನೆಯ ಮುದುಕಿ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಿತ್ತು.

“ಬಾಗ್ಲೇ ಕಿತ್ತಾಕ್ರಲಾ. ಮುಂದಿನ್ ವಾರ ಎಣ್ಣು ಒಳಕ್ ಬರೋಕೂ ಸಲೀಸಾಯ್ತದೆ,” ಅಂದಿತು.

ಮದುವೆ ಸೆಲ್ವನದು. ರ‍್ಯಾಕು ನನ್ನದು. ಅಂದರೆ ಮಾಡಿದವನು ನಾನು. ನಾನು ವೆಲ್ಡರ್, ಹೆಸರು ಮುನಿರಾಜ. ರಾಬರ್ಟ್‌ಸನ್‌ಪೇಟೆಯ ಒಂದು ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ಮಾಡುತ್ತೇನೆ. ಊರಿನ ಬಾಗಿಲುಗಳಿಗೆಲ್ಲ ಟೇಪು ಹಿಡಿಯುವವನು ಸ್ನೇಹಿತನ ಬಾಗಿಲಿಗೆ ಹಿಡಿಯಲಿಲ್ಲ. ಹಿಡಿಯುವ ಅಗತ್ಯವೇ ಬರಲಿಲ್ಲ, ಯಾಕೆಂದರೆ ಅದನ್ನು ಅವನ ಮನೆಯೊಳಗೇ ನಿಂತು ವೆಲ್ಡ್ ಮಾಡಿದ್ದೆ. ಕಬ್ಬಿಣದ ಪಟ್ಟಿಗಳು ಒಂದೊಂದಾಗಿ ಒಳಗೆ ಹೋದವು. ಮುಂದೊಂದು ದಿನ ಅವೆಲ್ಲ ಒಟ್ಟಿಗೆ ಹೊರಗೆ ಬರಬೇಕಾಗುತ್ತದೆ ಅಂತ ನಮಗಿಬ್ಬರಿಗೂ ಹೊಳೆಯಲಿಲ್ಲ. ಪುಸ್ತಕ ಜೋಡಿಸುವ ಆತುರದಲ್ಲಿದ್ದೆವು.

ಉರಿಗಾಂ ಲೈನ್ ಮನೆಗಳನ್ನು ನೀವು ನೋಡಿರಬಹುದು. ಕೆಜಿಎಫ್ ಚಿನ್ನದ ಗಣಿಯ ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳು. ಒಂದು ಕೋಣೆ, ಒಂದು ಅಡುಗೆ ಜಾಗ, ಮುಂದೆ ಒಂದು ಸಣ್ಣ ಜಗಲಿ. ಕಿಟಕಿಯೂ ಬಾಗಿಲೂ ಇಲ್ಲದ ಗೋಡೆ ಅಂತ ಇರುವುದು ಒಂದೇ. ಆ ಗೋಡೆಗೆ ನಮ್ಮ ರ‍್ಯಾಕಿತ್ತು. ಈಗ ಹೆಣ್ಣಿನ ಕಡೆಯವರು ಬೀರು ಕೊಡುತ್ತಿದ್ದರು, ಅದಕ್ಕೂ ಆ ಗೋಡೆಯೇ ಬೇಕು.

ನಮ್ಮ ಪುಸ್ತಕಗಳು ಎಂಥವು ಅಂತ ಹೇಳಿಬಿಡುತ್ತೇನೆ. ಮಾಯೆ ಮಂತ್ರದ ದಪ್ಪ ಕಾದಂಬರಿಗಳು. ಬೆಂಕಿ ಉಗುಳುವ ಸರ್ಪ, ಮಾತಾಡುವ ಕಾಡು, ಸತ್ತವರ ಊರಿಗೆ ಹೋಗುವ ದೋಣಿ. ಇದು ಬಿಟ್ಟರೆ ಬೇರೇನೂ ನಾವು ಓದುವುದಿಲ್ಲ. ನಾನು ಎಂಟನೇ ಕ್ಲಾಸಿಗೆ ನಿಂತವನು. ನನಗೆ ಓದು ಬಂದಿದ್ದು ಸ್ಕೂಲಿನಲ್ಲಲ್ಲ, ಈ ಸರ್ಪಗಳ ಹಿಂದೆ ಓಡಿ. ಶೆಡ್ಡಿಗೆ ಕಿಟಕಿ ಮಾಡಿಸಲು ಬಂದ ಒಬ್ಬರು ನನ್ನ ಕೈಯಲ್ಲಿದ್ದುದನ್ನು ನೋಡಿ, ನಿಜಜೀವನದ ಕಥೆ ಓದಪ್ಪಾ ಅಂತ ಬುದ್ಧಿ ಹೇಳಿದರು. ನಿಜಜೀವನ ಬೆಳಗಿಂದ ಸಂಜೆವರೆಗೂ ಇದ್ದೇ ಇರುತ್ತದಲ್ಲ, ಅದನ್ನು ಓದಲು ಬೇರೆ ಕೂರಬೇಕೇ? ಅವರ ಕಿಟಕಿ ಚೆನ್ನಾಗೇ ಮಾಡಿಕೊಟ್ಟೆ.

ನನಗೆ ಅಲಂಕಾರ ಆಗುವುದಿಲ್ಲ. ಪುಸ್ತಕದಲ್ಲಿ ಬೆಳದಿಂಗಳು ಶುರುವಾದರೆ ಹಾಳೆ ತಿರುಗಿಸುತ್ತೇನೆ. ಸೆಲ್ವ ಹಾಗಲ್ಲ. ಅವನು ಆಟೋ ಓಡಿಸುತ್ತಾನೆ, ಸ್ಟ್ಯಾಂಡಿನಲ್ಲಿ ಕಾಯುವುದು ಅಭ್ಯಾಸ. ಬೆಳದಿಂಗಳನ್ನೂ ಕಾದುಕೊಂಡು ಓದುತ್ತಾನೆ.

ನಮ್ಮಿಬ್ಬರಿಗೂ ಗುರುತಾಗಿದ್ದು ಗುಜರಿ ಅಂಗಡಿಯಲ್ಲಿ. ಪೇಪರಿನ ಗುಡ್ಡೆಯಲ್ಲಿ ಆ ಕಡೆಯಿಂದ ಒಬ್ಬ ಕೈ ಹಾಕಿದ್ದ, ಈ ಕಡೆಯಿಂದ ನಾನು ಹಾಕಿದ್ದೆ. ಗುಜರಿಯವರ ಲೆಕ್ಕ ಬೇರೆ. ರಟ್ಟಿಗೆ ಒಂದು ರೇಟು, ಒಳಗಿನ ಕಾಗದಕ್ಕೆ ಇನ್ನೊಂದು. ಹಾಗಾಗಿ ಪುಸ್ತಕ ಬಂದ ತಕ್ಷಣ ಕೋಳಿ ಸುಲಿದ ಹಾಗೆ ರಟ್ಟು ಕಿತ್ತು ಒಂದು ಕಡೆ ಎಸೆಯುತ್ತಾರೆ, ಉಳಿದದ್ದು ಇನ್ನೊಂದು ಕಡೆ. ಕೀಳುವಾಗ ಮುಂದಿನ ಹಾಳೆಗಳು ಹೋಗುತ್ತವೆ, ಹಿಂದಿನವೂ ಒಮ್ಮೊಮ್ಮೆ ಹೋಗುತ್ತವೆ. ನಮ್ಮ ರ‍್ಯಾಕಿನಲ್ಲಿ ಹೆಸರಿರುವ ಪುಸ್ತಕ ಒಂದೂ ಇಲ್ಲ. ಬರೆದವರು ಯಾರೋ, ಯಾವ ದೇಶದವರೋ. ಸಂಗ್ರಹ ಇಟ್ಟಿರುವ ದೊಡ್ಡವರು ಪುಸ್ತಕಗಳನ್ನು ಲೇಖಕರ ಹೆಸರಿನ ಪ್ರಕಾರ ಜೋಡಿಸುತ್ತಾರಂತೆ. ನಾವು ದಪ್ಪದ ಪ್ರಕಾರ ಜೋಡಿಸಿದ್ದೇವೆ.

ಆದರೆ ಹೆಸರಿಲ್ಲ ಅಂತ ಅಭಿಮಾನ ನಿಲ್ಲುತ್ತದೆಯೇ? ಬರೆದವರಿಗೆ ನಾವೇ ಹೆಸರಿಟ್ಟೆವು. ನನ್ನ ದೇವರು ಬೆಟ್ಟದ ತಾತ. ಅವನ ಪುಸ್ತಕದಲ್ಲಿ ಒಂದು ಬೆಟ್ಟ ನಡೆಯುತ್ತದೆ. ದಿನಕ್ಕೆ ಒಂದೇ ಹೆಜ್ಜೆ, ಸಮುದ್ರ ನೋಡಬೇಕು ಅಂತ. ಸೆಲ್ವನ ದೇವರು ದೀಪದ ಮೇಷ್ಟ್ರು. ಅವರ ಪುಸ್ತಕದಲ್ಲಿ ಒಂದು ಹುಡುಗಿ ಆರದ ದೀಪ ಹಿಡಿದುಕೊಂಡು ಹೋಗುತ್ತಾಳೆ. ಇವರಿಬ್ಬರಲ್ಲಿ ಯಾರು ದೊಡ್ಡವರು ಅಂತ ನಾವು ಆಡದ ಜಗಳವಿಲ್ಲ. ಚಿನ್ನ ತೆಗೆದು ಉಳಿದ ಗಣಿಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ದೂಳು ಗಾಳಿಗೆ ಎದ್ದು ಜಗಲಿಗೆ ಬರುವವರೆಗೂ ಆಡುತ್ತಿದ್ದೆವು. ಆ ದೂಳು ನಮ್ಮ ಎಲ್ಲ ಪುಸ್ತಕದ ಹಾಳೆಗಳ ನಡುವೆಯೂ ಇದೆ. ಮಾಂತ್ರಿಕರ ಪುಡಿಯ ಹಾಗೆ ಬೆರಳಿಗೆ ಹತ್ತುತ್ತದೆ.

“ನಿನ್ ತಾತಂಗೆ ಬೆಟ್ಟ ಬಿಟ್ರೆ ಏನ್ಲಾ ಬರ್ತದೆ? ಮನ್ಸರ ಮನಸ್ಸು ತಿಳಿದವ್ರು ನಮ್ ಮೇಷ್ಟ್ರು.”

“ಓಗಲೇ, ದೀಪ ಇಡ್ಕಂಡು ಓಡಾಡೋದು ಯಾವ ದೊಡ್ಡ ಕೆಲ್ಸ? ಬೆಟ್ಟ ನಡ್ಸು ನೋಡಾನ.”

ಇಷ್ಟು ಜಗಳವಾಡಿದರೂ ಕಥೆ ಮಾತ್ರ ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ. ಅದು ನಮ್ಮ ಕಟ್ಟಳೆ. ಸ್ನೇಹದ ಹೊಸದರಲ್ಲಿ, ನಾನು ಓದುತ್ತಿದ್ದ ಒಂದು ಪುಸ್ತಕದಲ್ಲಿ ಕೊನೆಗೆ ಸಾಯುವುದು ಯಾರು ಅಂತ ಸೆಲ್ವ ಎಲ್ಲೋ ಕೇಳಿಕೊಂಡು ಬಂದು ಬಾಯಿ ಬಿಟ್ಟುಬಿಟ್ಟ. ನಾನು ಎಷ್ಟೋ ದಿನ ಅವನ ಆಟೋ ಹತ್ತಲಿಲ್ಲ. ಆಮೇಲೆ ರಾಜಿಯಾಯಿತು: ಹೊಗಳಬಹುದು, ಬೈಯಬಹುದು, ಹೇಳಬಾರದು. ಒಬ್ಬರ ಪುಸ್ತಕ ಇನ್ನೊಬ್ಬರು ಓದಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ನನಗೆ ಕನ್ನಡ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ, ಅವನಿಗೆ ತಮಿಳು ಅಕ್ಷರ ಬಿಟ್ಟರೆ ಗೊತ್ತಿಲ್ಲ. ಮಾತಿಗೆ ಮೂರು ಭಾಷೆ ಇಬ್ಬರಿಗೂ ಬರುತ್ತದೆ. ಜಗಳಕ್ಕೆ ಅಷ್ಟು ಸಾಕು.

ಭೂಮಿಯೊಳಗೆ ಚಿನ್ನ, ಅದನ್ನು ಕಾಯುವ ಸರ್ಪ, ಇದು ಇಲ್ಲದ ಮಾಯಾಕಾದಂಬರಿ ನಾನು ನೋಡಿಲ್ಲ. ದೂರದ ಊರಿನವರಿಗೆ ಅದು ಕಲ್ಪನೆ. ಸೆಲ್ವನ ತಾತ ಇಲ್ಲೇ ನಂದಿದುರ್ಗ ಅನ್ನುವ ಚಿನ್ನದ ಗಣಿಗೆ ಇಳಿದವರು. ಕೆಳಗೆ ಏನಿತ್ತು ತಾತಾ ಅಂತ ಸಣ್ಣವನಿದ್ದಾಗ ಸೆಲ್ವ ಕೇಳಿದ್ದನಂತೆ. “ಬಿಸಿ,” ಅಂದರಂತೆ ಅವರು. ಚಿನ್ನ ಅನ್ನಲಿಲ್ಲ. ಯಾರೋ ಉಸಿರು ಬಿಟ್ಟ ಹಾಗೆ ಬಿಸಿ ಅಂದರಂತೆ. ನಾವು ಇದನ್ನು ತುಂಬ ಚರ್ಚೆ ಮಾಡಿದ್ದೇವೆ. ಗಣಿ ಮುಚ್ಚಿತು, ಬಾಯಿಗೆ ಬೀಗ ಬಿತ್ತು, ಉಸಿರು ಬಿಡುವುದು ಏನಿತ್ತೋ ಅದು ಅಲ್ಲೇ ಇದೆ ಅನ್ನುವುದು ನಮ್ಮ ತೀರ್ಮಾನ. ಓದಿದವರು ಬೇರೆ ಕಾರಣ ಹೇಳುತ್ತಾರೆ. ಹೇಳಲಿ.

ಇರಲಿ, ರ‍್ಯಾಕು ಬಾಗಿಲಲ್ಲಿ ನಿಂತಿದೆ. ಮಿಷನ್ ತಂದು ನಾಲ್ಕು ತುಂಡು ಮಾಡಿಬಿಡುತ್ತೇನೆ ಅಂದೆ. ನಾನು ಮಾಡಿದ್ದು, ನಾನೇ ಕತ್ತರಿಸುತ್ತೇನೆ, ಅದರಲ್ಲೇನು. ಸೆಲ್ವ ರ‍್ಯಾಕಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ.

“ಬೇಡ ಮಚ್ಚಾ. ಅವ್ಳು ಬರ್ಲಿ. ಬೇಡ ಅಂದ್ರೆ ಆವಾಗ್ ಕತ್ರಿಸಾನ.”

ಹೇಗೋ ಗುದ್ದಾಡಿ ಒಳಗೇ ತಳ್ಳಿದೆವು. ಮದುವೆಯಾಯಿತು. ಬೀರು ಬಂದು ಜಗಲಿಯಲ್ಲಿ ಟಾರ್ಪಾಲು ಹೊದ್ದು ನಿಂತಿತು. ಹೊಸ ಹೆಂಡತಿ ಕಲಾಳ ಬೀರು ಹೊರಗೆ, ನಮ್ಮ ಸರ್ಪಗಳು ಒಳಗೆ. ಇದು ಎಷ್ಟು ದಿನ ನಡೆಯುತ್ತದೆ ಅಂತ ನನಗೆ ಅಂದಾಜಿತ್ತು.

ನಾನು ಅಲ್ಲಿಗೆ ಹೋಗುವುದು ಬಿಟ್ಟೆ. ಒಂದೇ ಕೋಣೆಯ ಮನೆ, ಹೊಸದಾಗಿ ಮದುವೆಯಾದವರು. ಭಾನುವಾರ ಬಂತು ಅಂತ ನಾನು ಹೋಗಿ ನಡುವೆ ಕೂತು ಬೆಟ್ಟದ ವಿಷಯ ಮಾತಾಡುವುದಕ್ಕೆ ಆಗುತ್ತದೆಯೇ? ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲೇ ಉಳಿದುಕೊಂಡೆ. ನಮ್ಮವ್ವ ಎರಡು ಭಾನುವಾರ ಸುಮ್ಮನಿದ್ದಳು.

“ಯಾಕ್ಲಾ, ಆ ಉಡುಗ ಮದ್ವೆ ಆದ್ರೆ ನಿಂಗ್ಯಾಕ್ ಸೂತ್ಕ? ಸುಮ್ಕೆ ಕುಂತಿರೋ ಬದ್ಲು ಅಸಾನಾದ್ರೂ ಮೇಯಿಸ್ಕಂಡ್ ಬಾ,” ಅಂದಳು.

ಹಸು ಮೇಯಿಸಿದೆ. ಹಸುವಿಗೆ ಪುಸ್ತಕದ ವಿಷಯ ಹೇಳಲು ಆಗುವುದಿಲ್ಲ. ಓದಿದ್ದನ್ನು ಇನ್ನೊಬ್ಬರ ಹತ್ತಿರ ಆಡದಿದ್ದರೆ ಅದು ತಿಂದದ್ದು ಅರಗದ ಹಾಗೆ ಒಳಗೇ ಕೂರುತ್ತದೆ. ಸರ್ಪದ ಕಥೆ ಓದುವವರು ನನ್ನ ಹಳ್ಳಿಯಲ್ಲಿ ಇಲ್ಲ, ಶೆಡ್ಡಿನಲ್ಲಿ ಇಲ್ಲ. ಈ ಭೂಮಿಯ ಮೇಲೆ ನನಗೆ ಒಬ್ಬ ಸೆಲ್ವ ಇದ್ದ. ಇದನ್ನು ಅವನ ಮುಂದೆ ಹೇಳಿದರೆ ನಗುತ್ತಾನೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ನನ್ನ ಬೆಟ್ಟದ ತಾತನ ಪುಸ್ತಕಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಬೆಟ್ಟ ಸಮುದ್ರದ ದಡಕ್ಕೆ ಬಂದು ಕಾಲೆತ್ತುತ್ತದೆ. ಅಲ್ಲಿಗೆ ಹಾಳೆ ಮುಗಿಯಿತು. ಗುಜರಿ ಅಂಗಡಿಯ ಗುಡ್ಡೆಯನ್ನೆಲ್ಲ ಕೆದಕಿದರೂ ಉಳಿದದ್ದು ಸಿಗಲಿಲ್ಲ. ಅಂದಿನಿಂದ ಆ ಬೆಟ್ಟ ನನ್ನ ತಲೆಯಲ್ಲಿ ಒಂದು ಕಾಲೆತ್ತಿಕೊಂಡು ನಿಂತಿದೆ. ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಮಾಸ್ಕ್ ಬಿದ್ದರೆ ಕಾಣುವುದು ಅದೇ.

ಒಂದು ದಿನ ಸೆಲ್ವ ಫೋನು ಮಾಡಿದ. “ಕಲಾ ಕರೀತಾವ್ಳೆ. ಪುಸ್ತಕದ ವಿಷ್ಯ ಏನೋ ಮಾತಾಡ್ಬೇಕಂತೆ. ಭಾನ್ವಾರ ಬಾ,” ಅಂದ. ದನಿಯಲ್ಲಿ ಏನೂ ಗೊತ್ತಾಗಲಿಲ್ಲ.

ನನಗೆ ಗೊತ್ತಾಗಿತ್ತು. ಒಂದು ಗೋಣಿಚೀಲ ಕೊಡವಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ನನ್ನ ಕನ್ನಡದವು ಅಷ್ಟೂ ಒಂದು ಚೀಲಕ್ಕೆ ಹಿಡಿಯುತ್ತವೆ. ಅವಳ ಮೇಲೆ ನನಗೆ ಕೋಪವಿರಲಿಲ್ಲ. ಸೀರೆ ಇಡಲು ಜಾಗವಿಲ್ಲದೆ ಎಷ್ಟು ದಿನ ಬದುಕುತ್ತಾಳೆ?

ಕಲಾ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಎರಡು ರಟ್ಟಿಲ್ಲದ ಪುಸ್ತಕ. ಒಂದು ನನ್ನ ಬೆಟ್ಟದ ತಾತ, ಇನ್ನೊಂದು ಸೆಲ್ವನ ದೀಪದ ಮೇಷ್ಟ್ರು. ಅವಳು ಬಂಗಾರಪೇಟೆಯ ಹುಡುಗಿ. ಮನೆಯ ಮಾತು ತಮಿಳು, ಓದಿದ್ದು ಕನ್ನಡ ಸ್ಕೂಲಿನಲ್ಲಿ. ತಮಿಳು ಅಕ್ಷರವನ್ನು ಕಣ್ಣು ಮಂಜಾಗಿದ್ದ ಅವಳ ಅಜ್ಜಿ ವಾರಪತ್ರಿಕೆ ಓದಿಸಿಕೊಳ್ಳುವ ಆಸೆಗೆ ಕಲಿಸಿದ್ದರಂತೆ. ಸೆಲ್ವ ಆಟೋ ತೆಗೆದುಕೊಂಡು ಹೋದ ಮೇಲೆ ಮನೆಯಲ್ಲಿ ಮಾಡಲು ಏನಿದೆ? ಅವಳು ರ‍್ಯಾಕಿಗೆ ಕೈ ಹಾಕಿದ್ದಾಳೆ. ಮೊದಲು ಮೇಷ್ಟ್ರು, ಆಮೇಲೆ ತಾತ.

“ಮುನಿಯಣ್ಣಾ, ಒಂದ್ ಮಾತು ಕೇಳ್ತೀನಿ. ಇದ್ರಾಗೂ ಬೆಟ್ಟ ನಡೀತದೆ, ಅದ್ರಾಗೂ ಬೆಟ್ಟ ನಡೀತದೆ. ಇದ್ರಾಗೂ ದೀಪ ಇಡ್ಕಂಡಿರೋ ಉಡುಗಿ ಅವ್ಳೆ, ಅದ್ರಾಗೂ ಅವ್ಳೆ. ಎಸ್ರು ಮಾತ್ರ ಬೇರೆ. ನಮ್ ಕೆಜಿಎಫ್‌ನಾಗೆ ಎಷ್ಟ್ ಬೆಟ್ಟ ನಡೀತವೆ?”

ನಾವಿಬ್ಬರೂ ಬಗ್ಗಿ ಎರಡು ಪುಸ್ತಕವನ್ನೂ ನೋಡಿದೆವು. ಎರಡೂ ಒಂದೇ, ಯಾವುದೋ ಭಾಷೆಯ ಒಂದು ಪುಸ್ತಕ. ಯಾರೋ ಕನ್ನಡಕ್ಕೆ ತಂದಿದ್ದಾರೆ, ಇನ್ಯಾರೋ ತಮಿಳಿಗೆ. ಗುಜರಿಯವನು ಎರಡರ ರಟ್ಟನ್ನೂ ಕಿತ್ತ. ನಾವು ಅದರ ಅರ್ಧ ಅರ್ಧ ಹಿಡಿದು ವರ್ಷಗಟ್ಟಲೆ ಬಡಿದಾಡಿದೆವು. ನನ್ನ ಕಣ್ಣಿಗೆ ಆ ಹುಡುಗಿ ಬಿದ್ದೇ ಇರಲಿಲ್ಲ, ಬೆಟ್ಟಕ್ಕೆ ದಾರಿ ಬಿಡಲಿ ಅಂತ ಹಾಳೆ ತಿರುಗಿಸಿದ್ದೆ. ಸೆಲ್ವ ಬೆಟ್ಟವನ್ನು ನಾಟಕದ ಹಿಂದಿನ ಪರದೆ ಅಂದುಕೊಂಡಿದ್ದ.

ಮೊದಲು ಬಾಯಿ ಬಂದಿದ್ದು ಅವನಿಗೆ. “ಅಂಗಾದ್ರೆ ಇಷ್ಟ್ ದಿನ ನಿನ್ ತಾತನ್ನ ಬೈದಿದ್ದೆಲ್ಲಾ ನಮ್ ಮೇಷ್ಟ್ರಿಗೇ ಬಿತ್ತಾ?”

ಕಲಾ ನಗಲಿಲ್ಲ. ಅವಳಿಗೆ ಬೇರೆ ಸಿಟ್ಟಿತ್ತು. “ಅದ್ ಬಿಡ್ರಿ. ಆ ದೋಣಿಯೋನು ದಾರಿ ಉದ್ದಕ್ಕೂ ಅಷ್ಟ್ ಜನಕ್ಕೆ ಅಡ್ಗೆ ಮಾಡಿ ಆಕ್ತಾನಲ್ಲ, ಅವನ್ನ ನೀವಿಬ್ರೂ ನೋಡ್ಲೇ ಇಲ್ವಾ?”

ನೋಡಿರಲಿಲ್ಲ. ದೋಣಿಯವನು ಯಾರು ಅಂತ ಇಬ್ಬರಿಗೂ ನೆನಪಾಗಲಿಲ್ಲ.

ಆಗ ನನಗೆ ಹೊಳೆಯಿತು. ಸೆಲ್ವನ ಪುಸ್ತಕಕ್ಕೆ ರಟ್ಟು ಮಾತ್ರ ಇಲ್ಲ, ಕಥೆ ಪೂರ್ತಿ ಇದೆ. ನನ್ನ ಬೆಟ್ಟದ ಕೊನೆ ಇಷ್ಟು ವರ್ಷ ನನ್ನದೇ ರ‍್ಯಾಕಿನಲ್ಲಿ, ನನ್ನ ಪುಸ್ತಕದಿಂದ ಮೂರು ಬೆರಳು ದೂರದಲ್ಲಿತ್ತು. ಎಷ್ಟು ಸಲ ಅದರ ದೂಳು ಒರೆಸಿದ್ದೇನೆ. ಸೆಲ್ವನಿಗೂ ಅದೇ ಹೊಳೆಯಿತು. ಹೇಳಲು ಬಾಯಿ ತೆರೆದ. ನಾನು ಕೈ ಎತ್ತಿದೆ.

“ಯೋಳ್ಬೇಡ.”

“ಯೋಳಬಾರ್ದು, ಸರಿ. ಓದ್ಬೋದಲ್ಲಾ?” ಅಂದಳು ಕಲಾ. ತಮಿಳು ನೋಡಿಕೊಂಡು ಕನ್ನಡದಲ್ಲಿ ಓದುತ್ತಾಳಂತೆ. ಕಟ್ಟಳೆಯಲ್ಲಿ ಅಂಥ ಒಂದು ಸಂದಿ ಇದೆ ಅಂತ ನಮಗೆ ತಿಳಿದೇ ಇರಲಿಲ್ಲ. ಆಮೇಲೆ ನನ್ನ ಕಂಕುಳು ನೋಡಿದಳು. “ಅದೇನಣ್ಣಾ ಚೀಲ?”

“ಪುಸ್ತಕ ತಗಂಡೋಗೋಕೆ.”

ಅವಳು ಚೀಲ ಇಸಿದುಕೊಂಡಳು. ಮಡಿಕೆ ಸರಿ ಮಾಡಿ ಹೊಸ್ತಿಲ ಒಳಗೆ, ಗೋಡೆಗೆ ಒರಗುವ ಹಾಗೆ ಹಾಸಿದಳು. “ಕುಂತ್ಕಳಿ,” ಅಂದಳು.

ಅಂದಿನಿಂದ ಅದು ನನ್ನ ಜಾಗ. ಭಾನುವಾರ ಊಟವಾದ ಮೇಲೆ ಓದು. ರ‍್ಯಾಕಿನ ಕೆಳಗಿನ ಎರಡು ಹಲಗೆಯಲ್ಲಿ ಈಗ ಸೀರೆಗಳಿವೆ, ನಮ್ಮ ಪುಸ್ತಕಗಳಿಗೆ ನುಸಿಗುಳಿಗೆಯ ವಾಸನೆ ಬಂದಿದೆ. ಬೀರು ಇನ್ನೂ ಜಗಲಿಯಲ್ಲೇ ಇದೆ. ಅದಕ್ಕೆ ಒಂದು ತಗಡಿನ ಸೂರು ಮಾಡಿಕೊಟ್ಟಿದ್ದೇನೆ, ಈ ಸಲ ಅಳತೆ ಹಿಡಿದು. ಬೀರುವಿನೊಳಗೆ ಪಕ್ಕದ ಮನೆಯ ಮುದುಕಿಯ ಸಾಮಾನೂ ಸೇರಿಕೊಂಡಿದೆಯಂತೆ.

ಕಲಾ ಒಂದು ಸಲಕ್ಕೆ ಎರಡು ಹಾಳೆ ಓದುತ್ತಾಳೆ, ಹೆಚ್ಚೆಂದರೆ ಮೂರು. ಆಮೇಲೆ ಪಾತ್ರೆ ತೊಳೆಯಬೇಕು ಅನ್ನುತ್ತಾಳೆ, ಗಂಟಲು ನೋವು ಅನ್ನುತ್ತಾಳೆ. ಅವಳಿಗೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಲು ಬರುತ್ತದೆ ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ಬೆಳದಿಂಗಳು ಬಂದರೂ ಬಿಡದೆ ಓದುತ್ತಾಳೆ. ನಾನು ಹಾಳೆ ತಿರುಗಿಸು ಅನ್ನುವುದಿಲ್ಲ. ಅವಸರದ ಮನುಷ್ಯ ನಾನು. ಗೇಟಿಗೆ ಬಣ್ಣ ಒಣಗುವವರೆಗೂ ಕಾಯುವವನಲ್ಲ. ಇದಕ್ಕೆ ಕಾಯುತ್ತೇನೆ.

ಇನ್ನು ಕೆಲವೇ ಹಾಳೆಗಳಿವೆ. ಬೆಟ್ಟ ಎತ್ತಿದ ಕಾಲು ಎಲ್ಲಿ ಇಟ್ಟಿತು ಅಂತ ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಗೊತ್ತಾದರೂ ನಮ್ಮಲ್ಲಿ ಕಥೆ ಹೇಳುವ ಹಾಗಿಲ್ಲ. ಹೇಳುವುದು ಇನ್ನೇನೂ ಇಲ್ಲ.