ಹುಲ್ಲು ಹಾಸಿದ ಟೆರೇಸು

ನಮ್ಮ ಅಪಾರ್ಟ್‌ಮೆಂಟಿಗೆ ಪರಿಸರ ಕಾಳಜಿ ಬಂದದ್ದು ಒಂದು ಫ್ಲೆಕ್ಸಿನ ಮೂಲಕ. ‘ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ’ ಅಂತ ಹಸಿರು ಅಕ್ಷರದಲ್ಲಿ ಬರೆಸಿ ಗೇಟಿಗೆ ಕಟ್ಟಿದ್ದರು. ಈ ಫ್ಲೆಕ್ಸೇ ಪ್ಲಾಸ್ಟಿಕ್ ಅಲ್ಲವಾ ಅಂತ ಕೇಳಿದೆ. “ಆಂಟಿ, ನೀವು ಎಲ್ಲದ್ರಲ್ಲೂ ನೆಗೆಟಿವ್ ನೋಡ್ತೀರ” ಅಂದರು ಸಂಘದ ಕಾರ್ಯದರ್ಶಿ.

ಅಂದಿನಿಂದ ದಿನಾ ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಅವರ ಉಪದೇಶ. ಬಟ್ಟೆ ಚೀಲ ಬಳಸಿ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿ. ಹಳೇ ಬಟ್ಟೆಯಲ್ಲಿ ನೆಲ ಒರೆಸಿ. ನಾನು ಅವನ್ನು ನಮ್ಮತ್ತೆಗೆ ಓದಿ ಹೇಳುತ್ತಿದ್ದೆ. “ಇಷ್ಟ್ ದಿನ ಇನ್ನೇನ್ ಮಾಡ್ತಿದ್ರಂತೆ?” ಅಂತ ಅವರು ನಿಜವಾದ ಕುತೂಹಲದಿಂದ ಕೇಳುತ್ತಿದ್ದರು. ಮಲ್ಲತ್ತಹಳ್ಳಿಯ ಬೇಸಾಯದ ಮನೆಯಲ್ಲಿ ಹುಟ್ಟಿದವರು. ಹಾಲಿನ ಕವರನ್ನೂ ತೊಳೆದು ಅಡುಗೆಮನೆಯ ಟೈಲ್ಸಿಗೆ ಅಂಟಿಸಿ ಒಣಗಿಸುತ್ತಾರೆ. ಹರಿದ ಸೀರೆ ಮೊದಲು ಕಾಲೊರಸು, ಆಮೇಲೆ ಮಸಿಬಟ್ಟೆ. ಇದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಅತ್ತೆಯ ಸಂಡಿಗೆ ಕೆಲಸ ಶುರು. ಅಕ್ಕಿ ಹಿಟ್ಟು ಕಾಯಿಸಿ, ಟೆರೇಸಿನಲ್ಲಿ ಮಾವನವರ ಹಳೇ ಪಂಚೆ ಹಾಸಿ, ಚಮಚದಲ್ಲಿ ಒಂದೊಂದೇ ಇಡುತ್ತಿದ್ದರು. ಕಾಗೆ ಬರದಿರಲಿ ಅಂತ ಕಪ್ಪು ಕೊಡೆ ಬಿಚ್ಚಿಟ್ಟು ತಾವೂ ಅದರ ನೆರಳಲ್ಲಿ ಕೂರುತ್ತಿದ್ದರು. ಮಂಡಿನೋವಿಗೆ ದೇವಸ್ಥಾನದ ಓಡಾಟವೂ ನಿಂತಿತ್ತು. ಮನೆಯಿಂದಾಚೆ ಅಂತ ಅವರಿಗೆ ಉಳಿದದ್ದು ಲಿಫ್ಟಿನಲ್ಲಿ ಹೋಗಬಹುದಾದ ಆ ಟೆರೇಸೊಂದೇ. ಒಣಗಿದ ಸಂಡಿಗೆ ಎಲ್ಲ ಮನೆಗೂ ಹೋಗುತ್ತಿತ್ತು. ಕಾರ್ಯದರ್ಶಿಯವರಂತೂ ಇನ್ನೊಂದು ಡಬ್ಬಿ ಕೇಳಿ ತಗೊಳ್ಳುತ್ತಿದ್ದರು.

ಕಳೆದ ಬೇಸಿಗೆಗೆ ಸರಿಯಾಗಿ ‘ಗ್ರೀನ್ ಟೆರೇಸ್’ ಬಂತು. ಸುರುಳಿ ಸುರುಳಿಯಾಗಿ ಲಾರಿಯಲ್ಲಿ ಬಂದ ಹುಲ್ಲು, ಅಪ್ಪಟ ಪ್ಲಾಸ್ಟಿಕ್. ಗೋಡೆಯಿಂದ ಗೋಡೆಗೆ ಹಾಸಿ, ಬಟ್ಟೆ, ಹಪ್ಪಳ, ಸಂಡಿಗೆ ಒಣಗಿಸಬಾರದು ಅಂತ ಬೋರ್ಡು ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಭೆಯಲ್ಲಿ ಎದ್ದು ನಿಂತು, ಬಿಸಿಲನ್ನು ಬಿಟ್ಟು ಎಲ್ಲಿ ಒಣಗಿಸೋಣ ಅಂತ ಕೇಳಿದೆ.

“ಬಟ್ಟೆಗೆ ಡ್ರೈಯರ್ ಇರೋ ಮಷೀನ್ ತಗೊಳ್ಳಿ ಆಂಟಿ. ಸಂಡಿಗೆಗೂ ಕರೆಂಟ್ ಮಷೀನ್ ಬಂದಿದೆ, ಲಿಂಕ್ ಕಳಿಸ್ತೀನಿ” ಅಂದರು ಕಾರ್ಯದರ್ಶಿ. ಯಾರೂ ನಗಲಿಲ್ಲ. ಇಬ್ಬರು ಲಿಂಕ್ ತಮಗೂ ಬೇಕು ಅಂದರು.

ಅತ್ತೆ ಜಗಳ ಮಾಡಲಿಲ್ಲ. ಬಾಲ್ಕನಿಯಲ್ಲಿ ಕುರ್ಚಿಗಳ ಮೇಲೆ ಪಂಚೆ ಕಟ್ಟಿ ಸಂಡಿಗೆ ಇಟ್ಟರು. ಆ ಬಾಲ್ಕನಿಗೆ ಪಕ್ಕದ ಕಟ್ಟಡದ ಸಂದಿಯಿಂದ ಬರುವ ಬಿಸಿಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಇದ್ದರೆ ಹೆಚ್ಚು. ಮೂರನೇ ದಿನಕ್ಕೆ ಬೂಷ್ಟು ಬಂತು. ಅನ್ನದ ಅಗುಳು ಚೆಲ್ಲದ ಹೆಂಗಸು ಅಷ್ಟೂ ಸಂಡಿಗೆಯನ್ನು ಹಸಿಕಸದ ಬಕೆಟ್ಟಿಗೆ ಸುರಿದು, ಪಂಚೆ ಒಗೆದು ಮಡಿಸಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಇನ್ನು ಆ ಹುಲ್ಲಿನ ವೈಭೋಗ. ಏಪ್ರಿಲ್ ಬಿಸಿಲಿಗೆ ಅದು ಕಾದ ಹೆಂಚಿನ ಹಾಗಾಗಿ ಮಕ್ಕಳು ಕಾಲಿಟ್ಟ ಕೂಡಲೇ ಕಿರುಚಿಕೊಂಡು ಓಡಿಬಂದವು. ತಂಪಾಗಲಿ ಅಂತ ದಿನಾ ಸಂಜೆ ಪೈಪು ಹಿಡಿದು ನೀರು ಬಿಡತೊಡಗಿದರು. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾಯುತ್ತಿದ್ದ ದಿನಗಳವು. ಪ್ಲಾಸ್ಟಿಕ್ ಹುಲ್ಲಿಗೆ ನೀರು ಹಾಕುವ ಜನರನ್ನು ನಾನು ಈ ವಿಜಯನಗರದಲ್ಲಿ, ನನ್ನ ಕಣ್ಣಾರೆ ಕಂಡಿದ್ದೇನೆ. ಆ ಫೋಟೋ ಕೂಡ ಗ್ರೂಪಿಗೆ ಬಂತು, ಕೆಳಗೆ ಸಾಲು ಸಾಲು ಚಪ್ಪಾಳೆ.

ಮಳೆ ಹಿಡಿದ ಮೇಲೆ ಒಂದು ಸಂಜೆ ಕಾರ್ಯದರ್ಶಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ತೊಳೆದ ಖಾಲಿ ಡಬ್ಬಿ. ಒಳಗೆ ಕೂತಿದ್ದ ಅತ್ತೆಯನ್ನು ಬಾಗಿಲಿನಿಂದಲೇ ಕೇಳಿದರು.

“ಏನಜ್ಜಿ, ಈ ಸಲ ಸಂಡಿಗೇನೇ ಬರ್ಲಿಲ್ಲ? ಮನೇಲಿ ಎಲ್ಲಾ ಕೇಳ್ತಾ ಇದಾರೆ.”

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದರು. ಡಬ್ಬಿಯನ್ನು ನೋಡಿದರು, ಮುಟ್ಟಲಿಲ್ಲ.

“ನಿಮ್ ಹುಲ್ಲಿಗೆ ಬಿಸಿಲು ಬೇಕಿತ್ತಲ್ಲಪ್ಪ” ಅಂದರು. “ಬಿಟ್ಕೊಟ್ಟೆ.”