ಅಪ್ಪನ ನಕಲು

ಸುಲಭಾ ಸಿಟ್ಟಿನವಳಲ್ಲ ಎಂದು ಗೋಕುಲ ರಸ್ತೆಯ ಆ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಡೇರಿಯ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷಿಸುವ ಕೆಲಸ ಅವಳದು. ಕೆಟ್ಟ ಹಾಲನ್ನು ಕೂಡ ದನಿ ಏರಿಸದೆ ವಾಪಸು ಕಳಿಸುವವಳು. ಹಿರಿಯರಿಗೆ ಎದುರಾಡುವ ರೂಢಿ ಧಾರವಾಡದ ಅವಳ ತವರಿನಲ್ಲಿ ಇರಲಿಲ್ಲ.

ಗಂಡ ವಿನೀತ ಸಿಗರೇಟು ಸೇದುತ್ತಿದ್ದ. ಮಗಳು ಗಾರ್ಗಿ ಹುಟ್ಟಿದ ಮೇಲೆ ಮನೆಯೊಳಗೆ ಸೇದುವುದನ್ನು ಬಿಟ್ಟು, ಗ್ಯಾಲರಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಳ್ಳುತ್ತಿದ್ದ. 'ಹೊಗಿ ಒಳಗ ಬರೂದಿಲ್ಲಲ್ಲ, ಮತ್ತೇನು?' ಎನ್ನುತ್ತಿದ್ದ. ಬಾಗಿಲಿನ ಈಚೆ, ಗಾಜಿಗೆ ಮೂಗು ಒತ್ತಿಕೊಂಡು, ನಾಲ್ಕು ವರ್ಷದ ಗಾರ್ಗಿ ಎಲ್ಲವನ್ನೂ ನೋಡುತ್ತಿದ್ದಳು.

ನೋಡಿದ್ದನ್ನು ಆಡತೊಡಗಿದಳು. ಎರಡು ಬೆರಳ ನಡುವೆ ಸೀಮೆಸುಣ್ಣದ ತುಂಡು, ಒಂದು ಕಣ್ಣು ಕಿರಿದು, ತಲೆಯೆತ್ತಿ ನಿಧಾನ ಉಸಿರು. ಕೊನೆಗೆ, ವಾಸನೆ ಮುಚ್ಚಲು ಅಪ್ಪ ಮಾಡುವ ಹಾಗೆ, ಬಡೇಸೋಪು ಅಗಿಯುತ್ತ ಒಳಗೆ ಬರುವುದು. ವಿನೀತ ಬಿದ್ದು ಬಿದ್ದು ನಕ್ಕ. ಬಂದವರ ಮುಂದೆ ಮಕ್ಕಳಿಂದ ಒಂದು ಹಾಡು ಹೇಳಿಸುವ ಪದ್ಧತಿ ಆ ಮನೆತನದಲ್ಲಿ ಮೊದಲಿನಿಂದ ಇತ್ತು. ಈಗ ಹಾಡಿನ ಬೆನ್ನಿಗೆ ಇದೂ ಸೇರಿತು. ಸುಲಭಾ ಬೇಡವೆಂದಳು. 'ಹಾಲಿನ ಹಂಗ ಎಲ್ಲಾದಕ್ಕೂ ಪರೀಕ್ಷಾ ಮಾಡ್ತೀ ನೋಡು ನೀ' ಎಂದು ವಿನೀತ ತಮಾಷೆ ಮಾಡಿದ.

ಆ ರವಿವಾರ ವಿನೀತನ ಚಿಕ್ಕಪ್ಪ ವೆಂಕಣ್ಣ ಕಾಕಾ ನೆಂಟರೊಂದಿಗೆ ಬಂದಿದ್ದರು. ಹಾಡು ಮುಗಿಯಿತು.

'ಛಲೋ ಆತು. ಈಗ ಅಪ್ಪನ್ನ ಮಾಡಿ ತೋರಸವಾ ಪುಟ್ಟಿ,' ಎಂದರು ಕಾಕಾ.

ಸೀಮೆಸುಣ್ಣ ಸಿಗಲಿಲ್ಲ. ಗಾರ್ಗಿ ಗ್ಯಾಲರಿಗೆ ಓಡಿ, ಬಾಗಿಲು ಎಳೆದುಕೊಂಡು, ಗುಲಾಬಿ ಕುಂಡದ ಮಣ್ಣಿನಿಂದ ಏನನ್ನೋ ಎತ್ತಿ ತುಟಿಗಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾದ ತಟ್ಟೆ ಹಿಡಿದು ಬಂದ ಸುಲಭಾಳಿಗೆ ಮಾತ್ರ ಅದರ ಸುಟ್ಟ ತುದಿ ಕಂಡಿತು. ಮಗು ಅದನ್ನು ಅಗಿಯುತ್ತಿತ್ತು.

ತಟ್ಟೆಯನ್ನು ನೆಲಕ್ಕಿಟ್ಟು ಓಡಿದಳು. ಸೇದಿ ಬಿಟ್ಟ ಸಿಗರೇಟಿನ ತುಂಡು ನುಂಗಿದರೆ ಸಣ್ಣ ಮಕ್ಕಳಿಗೆ ವಿಷವೇರಬಹುದೆಂದು ಅವಳಿಗೆ ಗೊತ್ತಿತ್ತು. ಮಗಳ ಬಾಯಿಗೆ ಬೆರಳು ಹಾಕಿ ತಂಬಾಕಿನ ಎಳೆಗಳನ್ನು ಒಂದೊಂದಾಗಿ ತೆಗೆದಳು, ಬಾಯಿ ತೊಳೆಸಿದಳು, ನಾಲಿಗೆಯ ಕೆಳಗೂ ನೋಡಿ ನುಂಗಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಆ ಒದ್ದೆ ತುಂಡನ್ನು ತಂದು ವಿನೀತನ ಅಂಗೈಯಲ್ಲಿಟ್ಟಳು.

'ನೀವ ಮಾಡಿ ತೋರಸ್ರಿ. ಅಕಿ ಮಾಡಿದ್ದು ನಕಲು. ಅಸಲು ಹೆಂಗಿರ್ತದ, ಮಂದಿ ನೋಡ್ಲಿ.'

'ಸುಲಭಾ, ಕಾಕಾ ಕೂತಾರ.'

'ಅವ್ರಿಗೂ ಕೇಳ್ಲಿ ಅಂತನ ಹೇಳಾಕತ್ತೇನಿ.'

'ಹೋಗ್ಲಿ ಬಿಡವಾ, ಸಣ್ಣ ಕೂಸು, ಆಟ ಆಡ್ತು,' ಎಂದರು ಕಾಕಾ.

'ಹಾಡಿಗೆ ಒಂದಿಷ್ಟ ಚಪ್ಪಾಳಿ ಹೊಡದ್ರಿ ಕಾಕಾ. ಇದಕ್ಕ ನಿಲ್ಲಸಲೇ ಇಲ್ಲ. ಯಾವುದು ಕಲೀಬೇಕಂತ ಅಕಿಗೆ ನೀವೆಲ್ಲಾ ಕೂಡಿ ಹೇಳಿಕೊಟ್ರಿ.'

ಕಾಕಾ ತಲೆ ತಗ್ಗಿಸಿದರು. ಒದ್ದೆ ಗಲ್ಲ ಒರೆಸಿಕೊಳ್ಳುತ್ತ ಗಾರ್ಗಿ ಅಪ್ಪನ ಮುಂದೆ ಬಂದು ನಿಂತಳು.

'ನಾ ನಿನ್ನಂಗ ಮಾಡಲಿಲ್ಲೇನಪ್ಪಾ?'

ವಿನೀತ ಹೆಂಡತಿಯ ಕಡೆ ನೋಡಿದ. ಸುಲಭಾ ಕದಲಲಿಲ್ಲ. ನೆಲದ ಮೇಲೆ ಚಹಾ ಆರುತ್ತಿತ್ತು. ಅವನು ಮಗಳಿಗೆ ಉತ್ತರ ಹೇಳುವವರೆಗೆ ಯಾರ ಕೈಗೂ ಕಪ್ಪು ಎತ್ತಿ ಕೊಡುವ ಮನಸ್ಸು ಅವಳಿಗಿರಲಿಲ್ಲ.