ಹೂಂ ಅನ್ನುವಷ್ಟು ಹೊತ್ತು

ಸ್ವಲ್ಪ ತಡೆಯಿರಿ. ಹೊಸ ಆಪರೇಟಿಂಗ್ ಸಿಸ್ಟಮ್‌ನ ಬಿಡುಗಡೆಗೆ ಮುಂಚಿನ ಪ್ರಿವ್ಯೂ ಹಾಕಿಕೊಂಡಿದ್ದೇನೆ, ಹೇಗಿದೆ ಎಂದು ಖಂಡಿತ ಹೇಳುತ್ತೇನೆ. ಅದಕ್ಕೆ ಮೊದಲು ನೀವು ಒಂದು ಹಳೆಯ ಮಾನಿಟರ್ ನೋಡಬೇಕು. ಅದರ ಗಾಜಿನ ನಟ್ಟನಡುವೆ ಮೂರು ಬೆಳ್ಳನೆಯ ಗೆರೆಗಳಿವೆ. ಗಾಜು ಕೆಟ್ಟು ಬಂದ ಗೆರೆಗಳಲ್ಲ, ವಿಭೂತಿ. ಅಕ್ಷರ ಕಾಣಲಿ ಎಂದು ದೊಡ್ಡಮ್ಮ ಎಷ್ಟು ಹತ್ತಿರ ಬಗ್ಗುತ್ತಿದ್ದರೆಂದರೆ ಹಣೆ ಗಾಜಿಗೆ ತಗುಲುತ್ತಿತ್ತು. ಬೆಳಗ್ಗೆ ಹಚ್ಚಿಕೊಂಡ ವಿಭೂತಿ ಮಧ್ಯಾಹ್ನದೊಳಗೆ ಕಂಪ್ಯೂಟರ್ ಪಾಲು. ಒರೆಸಲು ಹೋದರೆ ನನ್ನ ಕೈ ತಡೆಯುತ್ತಿದ್ದರು.

"ಅದೂ ನಮ್ಮೋರೇ ಕಣೇ. ಹಚ್ಕೊಳ್ಲಿ ಬುಡು."

ದೊಡ್ಡಮ್ಮ ಎಂದರೆ ಅಮ್ಮನ ಒಡಹುಟ್ಟಿದವರಲ್ಲ. ತವರು ಕಂದಿಕೆರೆ, ಅಮ್ಮನ ಕಡೆಯಿಂದ ದೂರದ ನೆಂಟಸ್ತಿಕೆ. ತುರುವೇಕೆರೆಯಲ್ಲಿ ತಾಲ್ಲೂಕು ಕಚೇರಿ ಹತ್ತಿರದ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಕೆಲಸ, ಅರ್ಜಿ ಟೈಪ್ ಮಾಡಿಕೊಡುವುದು. ಸೂರು ಇಳಿಜಾರಾಗಿ ಬಂದು ಕುರ್ಚಿಯ ಹಿಂದೆ ನೆಲ ಮುಟ್ಟುತ್ತಿತ್ತು. ಕಿಟಕಿ ಇಲ್ಲ. ಥಟ್ಟನೆ ಎದ್ದರೆ ತಲೆಗೆ ಮೆಟ್ಟಿಲು. ಯಾರಾದರೂ ಮಹಡಿಗೆ ಹತ್ತಿದರೆ ನಮ್ಮ ನೆತ್ತಿಯ ಮೇಲೇ ನಡೆದುಹೋದ ಹಾಗೆ. ಗೋಡೆಯ ಆಚೆ ಕೊಬ್ಬರಿ ಮಂಡಿ ಇದ್ದುದರಿಂದ ಎಣ್ಣೆಯ ಘಮ ಬಟ್ಟೆಗೆಲ್ಲ ಹತ್ತಿಕೊಳ್ಳುತ್ತಿತ್ತು. ನಮ್ಮೂರು ಸಂಪಿಗೆಯಿಂದ ಕಾಲೇಜಿಗೆ ಬರುತ್ತಿದ್ದ ನಾನು ವಾಪಸ್ ಬಸ್ಸು ಸಿಗುವವರೆಗೆ ಅಲ್ಲೇ ಕೂರುತ್ತಿದ್ದೆ. ಕಂಪ್ಯೂಟರ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಗೂಡಿನಲ್ಲಿ ಆ ಒಂದೇ ಯಂತ್ರವನ್ನು ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ ಕಲಿತದ್ದು. ದೊಡ್ಡಮ್ಮ ಬೈಯುತ್ತಿರಲಿಲ್ಲ. "ಕೆಡ್ಸಿದೋಳೇ ನೆಟ್ಗೆ ಮಾಡ್ಬೇಕು. ಅಲ್ಲೀಗಂಟ ಬಸ್ಸಿಲ್ಲ ನಿಂಗೆ" ಎಂದು ಬಾಗಿಲಿಗೆ ಸ್ಟೂಲ್ ಅಡ್ಡ ಇಟ್ಟುಕೊಂಡು ಕೂರುತ್ತಿದ್ದರು.

ಅವರದೊಂದು ಕ್ರಮವಿತ್ತು. ಅರ್ಜಿ ಮುಗಿದ ಮೇಲೆ ಪ್ರಿಂಟ್ ಕೊಡುವ ಮುಂಚೆ ಅದನ್ನು ಅರ್ಜಿದಾರರಿಗೆ ಮೆಲ್ಲಗೆ ಓದಿ ಹೇಳಲೇಬೇಕು. ಒಂದು ವಾಕ್ಯ ಓದಿ ನಿಲ್ಲಿಸುವರು. ಎದುರಿಗಿದ್ದವರು "ಹೂಂ" ಎಂದರೆ ಮಾತ್ರ ಮುಂದಿನ ವಾಕ್ಯ. ಹೂಂ ಬರುವುದು ತಡವಾದರೆ ಆ ವಾಕ್ಯದಲ್ಲೇನೋ ಸರಿಯಿಲ್ಲ ಎಂದು ಅರ್ಥ.

"ಆಫೀಸ್ನೋರು ಆಮೇಲ್ ಓದ್ಕತಾರೆ. ಅವ್ರ ಮಾತು ಮೊದ್ಲು ಅವ್ರಿಗೆ ಕೇಳುಸ್ಬೇಕು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ಯಾರೋ ಯಜಮಾನರಿಗೆ ಹೀಗೆ ಓದಿ ಹೇಳುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಪರದೆಯ ಕಡೆ ಮುಖ, ಗಾಜಿನ ಮೇಲೆ ಬೆರಳು, ತಡವರಿಸದ ಓದು. ಯಜಮಾನರು ಹೂಂ, ಹೂಂ ಅನ್ನುತ್ತಿದ್ದಾರೆ. ನಾನು ಸುಮ್ಮನೆ ಇಣುಕಿದೆ. ಮಾನಿಟರ್ ಯಾವಾಗಲೋ ನಿದ್ದೆಗೆ ಹೋಗಿತ್ತು. ಪೂರಾ ಕಪ್ಪು. ದೊಡ್ಡಮ್ಮ ಆ ಕಪ್ಪು ಗಾಜನ್ನೇ ಓದುತ್ತಿದ್ದರು.

ಯಜಮಾನರು ಹೋದ ಮೇಲೆ ಕೇಳಿದೆ. ಮೊದಲು ರೇಗಿದರು, ಆಮೇಲೆ ಹೇಳಿದರು. ತುಮಕೂರಿನಲ್ಲಿ ತೋರಿಸಿಯಾಗಿತ್ತು. ತೆಗೆಸಿಬಿಡುವಂಥ ಪೊರೆಯಲ್ಲ, ಒಳಗಿನ ನರವೇ ಒಣಗುತ್ತಿದೆ, ಹೋದದ್ದು ಬರುವುದಿಲ್ಲ ಎಂದಿದ್ದರಂತೆ. ಬೆರಳಿಗೆ ಕಣ್ಣು ಬೇಕಿರಲಿಲ್ಲ, ಕೀಲಿಗಳು ಎಂದೋ ಕೈವಶವಾಗಿದ್ದವು. ಟೈಪಾದದ್ದು ಸರಿಯಿದೆಯೇ ಎಂದು ನೋಡುವುದಕ್ಕೆ ಮಾತ್ರ ಕಣ್ಣು ಬೇಕು. ಕಣ್ಣಿಲ್ಲದವಳ ಹತ್ತಿರ ಅರ್ಜಿ ಬರೆಸುವವರು ಯಾರು?

"ಅಂಗ್ಡಿ ಮುಚ್ಚುದ್ರೆ ಮೈದುನನ ಮನೇಲಿ ಅಟ್ಟಕ್ ಹಾಕಿದ್ ಕಾಯಾಗೋಯ್ತೀನಿ ಕಣೇ. ಒಳ್ಗೊಳ್ಗೇ ಒಣಿಕ್ಕಂಡು, ಯಾರಾನ ಅಲ್ಲಾಡ್ಸುದ್ರೆ ಲೊಡಲೊಡ ಅನ್ಕಂಡು ಬಿದ್ದಿರ್ಬೇಕು."

ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದೇ ಹಾಗೆ. ಕಾಯನ್ನು ಅಟ್ಟದ ಕತ್ತಲಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗುತ್ತದೆ. ದಿನಾ ನೋಡಿದ್ದ ಅಟ್ಟ ಅವತ್ತಿನಿಂದ ನನಗೆ ಹೆದರಿಕೆ ಹುಟ್ಟಿಸತೊಡಗಿತು.

ಆ ಸಮಯಕ್ಕೇ ಹಿಂದಿನ ಪ್ರಿವ್ಯೂ ಬಂದದ್ದು. ಮೊದಲು ಹಾಕಿಕೊಂಡವರು ಹೇಳಿದ್ದನ್ನೆಲ್ಲ ಬಸ್ಸಿನಲ್ಲಿ ಫೋನ್ ಹಿಡಿದು ನೋಡುತ್ತಿದ್ದೆ. ಹಿನ್ನೆಲೆ ಚಿತ್ರ ಚೆನ್ನಾಗಿದೆ, ಬ್ಯಾಟರಿ ಬೇಗ ಮುಗಿಯುತ್ತದೆ, ಇಂಥವೇ. ಒಬ್ಬರು ಮಾತ್ರ ತಮ್ಮ ವಿಡಿಯೋದಲ್ಲಿ ಮಾತಿನ ನಡುವೆ ಅಂದರು: ಪರದೆಯ ಮೇಲಿರುವುದನ್ನು ಈಗ ಕನ್ನಡದಲ್ಲೂ ಓದಿ ಹೇಳುತ್ತದಂತೆ. ಬಸ್ಸಿಳಿದವಳು ಅಂಗಡಿಗೆ ಓಡಿದೆ.

"ಹಾಕು" ಎಂದರು.

"ದೊಡ್ಡಮ್ಮ, ಪ್ರಿವ್ಯೂ ಅಂದ್ರೆ ಇನ್ನೂ ಎಳನೀರು, ಕಾಯಾಗಿಲ್ಲ. ಎಲ್ಲೆಲ್ಲಿ ಕೈ ಕೊಡುತ್ತೋ ಗೊತ್ತಿಲ್ಲ. ಇರೋದೊಂದೇ ಕಂಪ್ಯೂಟರು. ಹಾಕಿದ ಮೇಲೆ ಹಿಂದಕ್ ಬರ್ಬೇಕು ಅಂದ್ರೆ ಎಲ್ಲಾ ಅಳಿಸಬೇಕಾಗುತ್ತೆ."

"ಎಳನೀರ್ನೇ ಅಲ್ವೇನೇ ಜನ ಕಾಸ್ ಕೊಟ್ಟು ಕುಡಿಯಾದು? ಹಾಕು ಅಂದೆ."

ಹಾಕಿದೆ. ದನಿ ಬಂತು. ಹೆಣ್ಣಿನ ದನಿ, ಸ್ಪಷ್ಟ ಕನ್ನಡ, ಆದರೆ ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ಓಟ. ದೊಡ್ಡಮ್ಮ ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಯಾವೂರೋಳೇ ಇವ್ಳು? ಉಸ್ರೇ ಬುಡಾಕಿಲ್ಲ. ಬಸ್ಸೇನಾದ್ರೂ ಹೊಂಟೋಯ್ತದಾ ಇವ್ಳಿಗೆ?"

ಆದರೂ ಮುಖ ಅರಳಿತ್ತು. ಹಳೆಯ ಫಾಂಟಿನಲ್ಲಿದ್ದ ಕಡತಗಳನ್ನು ಆ ದನಿ ಓದಲಾರದು ಎಂದು ಗೊತ್ತಾದಾಗ, ಅರ್ಜಿ ಮಾದರಿಗಳನ್ನೆಲ್ಲ ನೆನಪಿನಿಂದಲೇ ಹೊಸದಾಗಿ ಟೈಪ್ ಮಾಡಿದರು. ಆಮೇಲೆ ಹಿಂದಕ್ಕೆ ಹೋಗುವ ದಾರಿ ಅವರಿಗೂ ಬೇಕಿರಲಿಲ್ಲ.

ಎಡವಟ್ಟಾದದ್ದು ತೋಟದ ದಾರಿಯ ಅರ್ಜಿಯಲ್ಲಿ. ಒಬ್ಬ ಹೆಂಗಸು ಬಂದಿದ್ದರು. ತವರಿನಿಂದ ಪಾಲಿಗೆ ಬಂದ ತೆಂಗಿನ ತೋಟ, ಸುತ್ತ ಅಣ್ಣನದೇ ಜಮೀನು, ಅಣ್ಣ ದಾರಿಗೆ ಬೇಲಿ ಹಾಕಿಬಿಟ್ಟಿದ್ದ. ಕಾಯಿ ಬಿದ್ದರೂ ಹೊರಕ್ಕೆ ತರುವ ಹಾಗಿಲ್ಲ. ಹೊರಗಿನ ಬೆಂಚಿನ ಮೇಲೆ ಆಕೆಯದೇ ಊರಿನ ಗಂಡಸೊಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ದೊಡ್ಡಮ್ಮ ಟೈಪ್ ಮಾಡಿ ಮುಗಿಸಿ, ಓದುವ ಕೀಲಿ ಒತ್ತಿದರು. ಸ್ಪೀಕರ್ ಬೀದಿಗೆಲ್ಲ ಕೇಳುವ ಹಾಗೆ ಶುರುವಾಯಿತು: "ನನ್ನ ಸ್ವಂತ ಅಣ್ಣನಾದ ಇವರು ಕುಡಿದು ಬಂದು ನನ್ನನ್ನು ಅವಾಚ್ಯವಾಗಿ..."

ಬೆಂಚಿನವರು ಕಿವಿ ನಿಮಿರಿಸಿದರು.

"ಅಯ್ಯೋ ನಿಲ್ಸ್ರೀ ಅಕ್ಕಾರೆ!" ಆ ಹೆಂಗಸು ಎದ್ದೇಬಿಟ್ಟರು. "ಮೈಕ್ನಲ್ ಹಾಕ್ದಂಗ್ ಹಾಕ್ತಿದೀರಲ್ಲ ನಮ್ಮನೆ ಕತೆಯ!"

ದೊಡ್ಡಮ್ಮ ಗಾಬರಿಯಲ್ಲಿ ಯಾವ ಯಾವುದೋ ಕೀಲಿ ಒತ್ತಿದರು, ದನಿ ಮೊದಲಿನಿಂದ ಶುರುಮಾಡಿತು. ಸ್ಪೀಕರಿಗೆ ಕೈ ಚಾಚಿದರು. ಅದು ಬಲಗಡೆ ಇತ್ತು, ಅವರು ಎಡಗಡೆ ತಡಕುತ್ತಿದ್ದರು. ನಾನು ವೈರ್ ಕಿತ್ತೆ.

ಆ ಹೆಂಗಸು ದೊಡ್ಡಮ್ಮನ ಕೈಗಳನ್ನೇ ನೋಡುತ್ತಿದ್ದರು. ದನಿ ತಗ್ಗಿಸಿ ಕೇಳಿದರು, "ಕಣ್ ಕಾಣ್ಸಲ್ವಾ ಅಕ್ಕಾರೆ?"

"ಮಂಜು ಕಣವ್ವ. ಒಸಿ ಮಂಜು."

"ನಾನ್ ಯಾರ್ಗೂ ಹೇಳಲ್ಲ ಬುಡಿ." ಪ್ರಿಂಟ್ ಆದ ಅರ್ಜಿ ಮಡಚಿಕೊಂಡು ಹೋದರು. ಆಕೆ ಹೇಳಲಿಲ್ಲವೇನೋ. ಆದರೆ ಎಲ್ಲವನ್ನೂ ನೋಡಿದ್ದ ಬೆಂಚಿನವರು ತಮ್ಮ ಸರದಿ ಬಂದರೂ ಒಳಗೆ ಬಾರದೆ ಎದ್ದು, ರಸ್ತೆಯಾಚೆ ಇನ್ನೊಂದು ಅಂಗಡಿಗೆ ಹೋದರು. ಮುಂದಿನ ವಾರಗಳಲ್ಲಿ ಬಹಳ ಜನ ಅದೇ ಕಡೆ ದಾಟಿದರು.

ನಾನು ಇಯರ್‌ಫೋನ್ ತಂದುಕೊಟ್ಟೆ. ದೊಡ್ಡಮ್ಮ ಅದನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು ಮೇಲೆ ಸೆರಗು ಹೊದ್ದುಕೊಂಡರು. ಅವರ ವಯಸ್ಸಿನ ಹೆಂಗಸು ಸೆರಗು ಹೊದ್ದರೆ ನಮ್ಮಲ್ಲಿ ಯಾರೂ ಕಾರಣ ಕೇಳುವುದಿಲ್ಲ. ದನಿ ಕಿವಿಯಲ್ಲಿ ಹೇಳಿದ್ದನ್ನು ತಮ್ಮ ದನಿಯಲ್ಲಿ ಹೇಳಿ, ಹೂಂಗೆ ಕಾಯುವರು. ತೊಂದರೆ ಏನೆಂದರೆ ಇವರು ಹೂಂಗೆ ಕಾಯುವಷ್ಟರಲ್ಲಿ ಆ ದನಿಯವಳು ಮೂರು ವಾಕ್ಯ ಮುಂದಕ್ಕೆ ಓಡಿರುತ್ತಿದ್ದಳು. ನಿಲ್ಲಿಸು, ಹಿಂದಕ್ಕೆ ಬಾ, ಮತ್ತೆ ಓದು. ಸೆರಗಿನೊಳಗೆ ಬೆವರು ಹರಿಯುತ್ತಿತ್ತು. ಆದರೂ ಹೋದವರಲ್ಲಿ ಕೆಲವರು ಮೆಲ್ಲಗೆ ವಾಪಸ್ ಬಂದರು. ಆ ಕಡೆಯ ಅಂಗಡಿಯಲ್ಲಿ ಯಾರೂ ಓದಿ ಹೇಳುತ್ತಿರಲಿಲ್ಲವಂತೆ.

ಆಮೇಲೆ ಬಂತು ಆ ಪ್ರಕಟಣೆ. ಮೊದಲ ಬಳಕೆದಾರರ ಅನಿಸಿಕೆಗಳನ್ನು ಆಧರಿಸಿ, ಕಡಿಮೆ ಬಳಕೆಯ ಕೆಲವು ದನಿಗಳನ್ನು ಮುಂದಿನ ಅಪ್‌ಡೇಟ್‌ನಲ್ಲಿ ಸದ್ಯಕ್ಕೆ ಕೈಬಿಡಲಾಗುತ್ತಿದೆ. ಪಟ್ಟಿಯಲ್ಲಿ ಕನ್ನಡ ಇತ್ತು. ಕೆಳಗೆ ಯಾರೋ ಕನ್ನಡದವರೇ ಬರೆದಿದ್ದರು: ಒಳ್ಳೇದಾಯ್ತು, ಸುಮ್ಮನೆ ಜಾಗ ತಿನ್ನುತ್ತಿತ್ತು.

ಓದಿ ಹೇಳಿದೆ. ದೊಡ್ಡಮ್ಮ ಹೂಂ ಅನ್ನಲಿಲ್ಲ, ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡರು.

"ಅನಿಸ್ಕೆ ಬರ್ಯಾದು ಎಲ್ಲಿ? ತೆಗಿ."

ಅನಿಸಿಕೆಯ ಚೌಕ ತೆರೆದುಕೊಟ್ಟೆ. ಊರಿನವರೆಲ್ಲರ ಅರ್ಜಿ ಬರೆದ ದೊಡ್ಡಮ್ಮ ತಮ್ಮದೇ ಅರ್ಜಿ ಬರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇವರಿಗೆ" ಎಂದು ಶುರುಮಾಡಿದರು. "ವಿಷಯ: ಕನ್ನಡ ಓದುವ ದನಿಯನ್ನು ಮುಂದುವರಿಸಿಕೊಡುವ ಬಗ್ಗೆ. ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಸದರಿ ದನಿಯು ಪೂರ್ಣವಿರಾಮ ಬಂದರೂ ನಿಲ್ಲುವುದಿಲ್ಲ. ಒಂದು ವಾಕ್ಯ ಮುಗಿದ ಮೇಲೆ ಕೇಳುವವರು ಹೂಂ ಅನ್ನುವಷ್ಟು ಹೊತ್ತು ಕೊಡಬೇಕು. ಇಷ್ಟು ತಪ್ಪಿದ್ದರೂ ಸದರಿ ದನಿಯನ್ನು ತೆಗೆಯಕೂಡದು. ನನಗೆ ಕಣ್ಣು ಕಾಣುವುದಿಲ್ಲ."

ಕೊನೆಯ ವಾಕ್ಯ ಟೈಪ್ ಮಾಡಿ ಬೆರಳು ನಿಲ್ಲಿಸಿದರು. ಅದುವರೆಗೆ ಅದನ್ನು ಅಷ್ಟು ನೇರವಾಗಿ ಎಲ್ಲೂ ಹೇಳಿಕೊಂಡವರಲ್ಲ.

"ಇಷ್ಟುದ್ದ ಬರೆದ್ರೆ ಯಾರೂ ಓದಲ್ಲ ದೊಡ್ಡಮ್ಮ. ಅದೂ ಕನ್ನಡದಲ್ಲಿ."

"ಕನ್ನಡ ಓದ್ತೀನಿ ಅಂತ ಬಂದೋರು ಅವ್ರೇ ಅಲ್ವಾ? ಓದ್ಕಳ್ಲಿ."

ಕಳಿಸಿದೆ. "ಅನಿಸಿಕೆಗೆ ಧನ್ಯವಾದ" ಎಂದು ಒಂದು ಸಾಲು ಬಂದು ಮಾಯವಾಯಿತು.

"ಸ್ವೀಕೃತಿ ಎಲ್ಲೇ? ಸೀಲು, ನಂಬರು?"

"ಇಲ್ಲಿ ಕೊಡಲ್ಲ."

"ತಾಲ್ಲೂಕಾಪೀಸೇ ವಾಸಿ ಕಣೇ" ಎಂದರು, ಬೇಸರದಿಂದ.

ಅಪ್‌ಡೇಟ್ ಬರುವ ಮುಂಚೆ ಇಂಟರ್ನೆಟ್ ಕೇಬಲ್ ಕಿತ್ತುಬಿಟ್ಟೆವು. ದನಿ ಉಳಿಯಿತು, ಆದರೆ ಆ ಕಂಪ್ಯೂಟರಿಗೆ ಹೊರಗಿನ ಪ್ರಪಂಚವೇ ಇಲ್ಲವಾಯಿತು. ಆನ್‌ಲೈನ್ ಅರ್ಜಿ ಬೇಕೆಂದವರನ್ನು ದೊಡ್ಡಮ್ಮನೇ ರಸ್ತೆಯಾಚೆಗೆ ಕಳಿಸುತ್ತಿದ್ದರು. ಪ್ರಿವ್ಯೂಗೆ ಅವಧಿಯೂ ಇತ್ತು. ಅದು ಮುಗಿದ ದಿನದಿಂದ ಯಂತ್ರ ಕೆಲಸದ ನಡುವೆಯೇ ಆಫ್ ಆಗತೊಡಗಿತು. ಅದಕ್ಕೆ ಕಂಪ್ಯೂಟರಿನ ತಾರೀಖನ್ನು ಕಳೆದುಹೋದ ಶ್ರಾವಣಕ್ಕೆ ತಿರುಗಿಸಿಟ್ಟೆ. ಆಮೇಲೆ ಅದು ಅವಧಿಯ ಕೊನೆಗೆ ಬಂದಾಗೆಲ್ಲ ಮತ್ತೆ ಹಿಂದಕ್ಕೆ. ಹೊರಗೆ ಕಾಲ ಓಡುತ್ತಿತ್ತು. ಮೆಟ್ಟಿಲ ಕೆಳಗೆ ಮತ್ತೆ ಮತ್ತೆ ಅದೇ ಶ್ರಾವಣ.

"ನಾವಿಬ್ರೂ ಒಂದೇ ಅಟ್ಟದಾಗ್ ಸಿಕ್ಕಾಕ್ಕಂಡ್ವಿ ಕಣೇ, ನಾನೂ ಇವ್ಳೂ" ಎಂದು ಒಮ್ಮೆ ಮಾನಿಟರ್ ತಟ್ಟಿದರು. ಆಗಲೇ ಅವರಿಗೆ ಬಾಗಿಲಿನ ಬೆಳಕೂ ಕಾಣುತ್ತಿರಲಿಲ್ಲ. ಆದರೂ ಹಣೆ ಗಾಜಿನ ಹತ್ತಿರವೇ. ಅಭ್ಯಾಸ.

ಕಾರ್ತಿಕದಲ್ಲಿ ಮೈದುನನ ಮನೆಯಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಹಿಂದಿನ ದಿನದವರೆಗೂ ಅಂಗಡಿ ತೆಗೆದಿದ್ದರು. ಶಿವಗಣಾರಾಧನೆಯ ಕಾರ್ಡನ್ನು ನಾನೇ ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಪರದೆಯ ಮೂಲೆಯಲ್ಲಿ ಇನ್ನೂ ಶ್ರಾವಣದ ತಾರೀಖು. ಆ ಯಂತ್ರದ ಪಾಲಿಗೆ ದೊಡ್ಡಮ್ಮ ಇನ್ನೂ ಹೋಗಿರಲಿಲ್ಲ. ಓದುವ ಕೀಲಿ ಒತ್ತಿದೆ. ದನಿ ಅವರ ಹೆಸರನ್ನೂ, ಲಿಂಗೈಕ್ಯರಾದ ದಿನವನ್ನೂ ಒಂದೇ ಉಸಿರಿಗೆ ಓದಿಕೊಂಡು ಓಡಿತು. ಹೂಂ ಅನ್ನಲು ನನಗೆ ಜಾಗವೇ ಸಿಗಲಿಲ್ಲ.

ಈಗ ಹೊಸ ಪ್ರಿವ್ಯೂ ವಿಷಯ. ಮೂಲೆಗಳು ದುಂಡಗಾಗಿವೆ, ಮೆನು ಜಾಗ ಬದಲಿಸಿದೆ, ನೀವೆಲ್ಲ ಬರೆಯುತ್ತಿದ್ದೀರಿ, ಓದಿದೆ. ನಾನು ಅದೇನನ್ನೂ ನೋಡಿಲ್ಲ. ಮೊದಲು ಸೆಟ್ಟಿಂಗ್ಸ್‌ನಲ್ಲಿ ದನಿಗಳ ಪಟ್ಟಿ ತೆಗೆದೆ. ಕನ್ನಡ ವಾಪಸ್ ಬಂದಿದೆ. ದೊಡ್ಡಮ್ಮನ ಆ ಅರ್ಜಿಯ ಪ್ರತಿ ನನ್ನ ಹತ್ತಿರ ಇತ್ತು, ಅದನ್ನೇ ಓದಲು ಕೊಟ್ಟೆ. "ಸದರಿ ದನಿಯು ಪೂರ್ಣವಿರಾಮ ಬಂದರೂ ನಿಲ್ಲುವುದಿಲ್ಲ" ಎಂದಿತು.

ನಿಂತಿತು.

ಅವರ ಅರ್ಜಿ ಯಾರಾದರೂ ಓದಿದರೋ, ಇದು ತಾನಾಗಿ ಆದದ್ದೋ, ನನಗೆ ತಿಳಿಯುವ ದಾರಿಯಿಲ್ಲ. ಸೀಲಿಲ್ಲ, ನಂಬರಿಲ್ಲ. ಆದರೆ ವಾಕ್ಯ ಮುಗಿದ ಮೇಲೆ ಸರಿಯಾಗಿ ಅಷ್ಟೇ ಹೊತ್ತು ಸುಮ್ಮನಿತ್ತು. ಪಕ್ಕದಲ್ಲಿ ಅಂಗಡಿಯಿಂದ ತಂದಿಟ್ಟುಕೊಂಡ ಆ ಹಳೆಯ ಮಾನಿಟರ್ ಇದೆ, ಒರೆಸಿಲ್ಲ. ನಾನು ಹೂಂ ಅಂದೆ. ಅದು ಮುಂದಿನ ವಾಕ್ಯಕ್ಕೆ ಹೋಯಿತು.

ನೀವೂ ಹಾಕಿಕೊಂಡಿದ್ದರೆ ಆ ಕನ್ನಡದ ದನಿಯನ್ನು ಒಮ್ಮೆ ಕೇಳಿಸಿಕೊಳ್ಳಿ. ನಿಮಗೆ ಹೇಗೆ ಓದಿತು, ಎಲ್ಲಿ ತಡವರಿಸಿತು, ನಿಮ್ಮ ಮನೆಯಲ್ಲಿ ಅದು ಬೇಕಾದವರು ಯಾರಾದರೂ ಇದ್ದಾರೆಯೇ, ಕೆಳಗೆ ಬರೆಯಿರಿ. ಎಷ್ಟುದ್ದ ಬರೆದರೂ ಸರಿ. ನಾನು ಓದುತ್ತೇನೆ.